ಹೊಳೆಗೆ ಪರದೆ ಹೊಲಿದವಳು

ಟಾರ್ಪಾಲಿನ್ ಅಂಗಡಿಯ ಅಕ್ಕನಿಗೆ ಐವತ್ತೆರಡು ದಾಟಿತ್ತು. ಲಾರಿಯ ಹೊದಿಕೆ, ಮಳಿಗೆಯ ನೆರಳುಬಟ್ಟೆ, ದೋಣಿಯ ಮುಸುಕು, ಎಂಥ ದಪ್ಪ ಬಟ್ಟೆಯಾದರೂ ಅವಳ ಯಂತ್ರದ ಕೆಳಗೆ ತೆಪ್ಪಗೆ ಸರಿಯುತ್ತಿತ್ತು. ಸೂಜಿ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಜಡ್ಡುಗಟ್ಟಿತ್ತು. ಮೊಮ್ಮಗಳು ಅದನ್ನು ಮುಟ್ಟಿ, ಇದು ಬೆರಳೋ ಬಿರಡೆಯೋ ಎಂದು ಕೇಳುತ್ತಿದ್ದಳು. ಗಂಡ ಬಸ್ ಚಾಲಕ. ಮೂವತ್ತು ವರ್ಷದಿಂದ ಅದೇ ದಾರಿ, ಅದೇ ಸೇತುವೆ.

ಆ ಸೇತುವೆಗೆ ವಯಸ್ಸಾಗಿತ್ತು. ಕಾಂಕ್ರೀಟ್ ಹಕ್ಕಳೆಯೆದ್ದು ಒಳಗಿನ ಕಂಬಿ ಇಣುಕುತ್ತಿತ್ತು. ಮೊದಲು ಲಾರಿಗಳನ್ನು ತಡೆದರು, ಆಮೇಲೆ ಬಸ್ಸನ್ನೂ. ಕೊನೆಗೆ ಕೆಡವಿ ಹೊಸದು ಕಟ್ಟುವುದೆಂದಾಯಿತು. ಬಸ್ಸು ಮುಕ್ಕಾಲು ಗಂಟೆ ಸುತ್ತುಬಳಸಿ ಹೋಗಬೇಕಾಯಿತು. ಪ್ರಯಾಣಿಕರ ಸಿಟ್ಟೆಲ್ಲ ಚಾಲಕನ ಬೆನ್ನ ಮೇಲೆ. ಅವನು ಅದನ್ನು ಮನೆಗೆ ತಂದು ಊಟದ ಜೊತೆ ನುಂಗುತ್ತಿದ್ದ.

ಕೆಳಗಿನ ಹೊಳೆ ದೊಡ್ಡದೇನಲ್ಲ, ಸೊಂಟಮಟ್ಟ ನೀರು. ಆದರೆ ಮೊಟ್ಟೆಯಿಡಲು ಮೀನುಗಳು ಅದರ ಉರುಟುಕಲ್ಲುಗಳನ್ನೇ ಹುಡುಕಿಕೊಂಡು ಬರುತ್ತಿದ್ದವು. ಕಲ್ಲುಸಂದಿಯಲ್ಲಿ ಕೆಸರು ಕೂತರೆ ಮೊಟ್ಟೆಗಳಿಗೆ ಉಸಿರಿಲ್ಲ. ಹಾಗಾಗಿ ಮೀನು ಬರುವ ಮೊದಲೇ ನೀರೊಳಗಿನ ಕೆಲಸ ಮುಗಿಯಬೇಕು, ಹಳೆಯ ಕಂಬಗಳನ್ನು ಕೊಯ್ಯುವಾಗ ಸುತ್ತ ಬಟ್ಟೆಯ ಪರದೆ ಇರಬೇಕು ಎಂದು ಕಟ್ಟುನಿಟ್ಟು ಮಾಡಿದ್ದರು. ಪರದೆಯ ಮೇಲಂಚಿಗೆ ತೇಲುವ ಬುರುಡೆ, ಕೆಳಗಿನ ಅಂಚಿಗೆ ಸರಪಳಿ. ಕೆಸರು ಒಳಗೇ ನಿಲ್ಲುತ್ತಿತ್ತು. ಅದನ್ನು ಪಂಪಿನಿಂದ ಎಳೆದು ಟ್ಯಾಂಕಿಗೆ ತುಂಬುತ್ತಿದ್ದರು.

ಕಾರ್ಖಾನೆಯಿಂದ ಬಂದ ಪರದೆ ಮೊದಲ ವಾರವೇ ಹರಿಯಿತು. ಆಗ ಕಿರಿಯ ಇಂಜಿನಿಯರ್, ನಿಂತಲ್ಲಿ ನಿಲ್ಲದ ಹೆಣ್ಣುಮಗಳು, ಅಕ್ಕನ ಅಂಗಡಿ ಹುಡುಕಿಕೊಂಡು ಬಂದಳು. ಹತ್ತು ದಿನದಲ್ಲಿ ಹೊಸ ಪರದೆ ಸಿದ್ಧವಾಯಿತು. ಹೊಲಿದವಳಿಗೇ ಅದರ ಕಾವಲೂ ಗಂಟುಬಿತ್ತು. ಗಂಟೆಗೊಮ್ಮೆ ಹರಿವಿನಲ್ಲಿ ಕೆಲಸದ ಜಾಗದ ಮೇಲ್ಗಡೆಯಿಂದ ಒಂದು ಗಾಜಿನ ಲೋಟ ನೀರು, ಕೆಳಗಡೆಯಿಂದ ಇನ್ನೊಂದು ಲೋಟ. ಲೋಟದ ಹಿಂದೆ ಅಚ್ಚಾದ ಕಾಗದ ಹಿಡಿದು ಎರಡನ್ನೂ ನೋಡಬೇಕು. ಕೆಳಗಿನ ನೀರಿನಲ್ಲಿ ಅಕ್ಷರ ಮಸುಕಾದರೆ ಕೆಂಪು ಬಟ್ಟೆ ಎತ್ತಬೇಕು. ಎತ್ತಿದರೆ ಯಂತ್ರಗಳೆಲ್ಲ ನಿಲ್ಲಬೇಕು. ನನ್ನ ಬಸ್ಸಿಗಿಂತ ದೊಡ್ಡ ಬ್ರೇಕು ನಿನಗೆ ಸಿಕ್ಕಿತು ಎಂದು ಗಂಡ ನಕ್ಕಿದ್ದ.

ಆರು ವಾರ ಆ ಬಟ್ಟೆ ಎತ್ತುವ ಪ್ರಸಂಗ ಬರಲಿಲ್ಲ. ಕೊನೆಯ ಕಂಬ ಉಳಿದಿತ್ತು, ಗಡುವಿಗೆ ಎರಡೇ ದಿನ. ಅಂದು ಬೆಳಿಗ್ಗೆ ಹನ್ನೊಂದರ ಲೋಟ ಹಿಡಿದರೆ ನೀರು ಸುಣ್ಣ ಕದಡಿದಂತಿತ್ತು. ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ನಂತರ ಕೆಂಪು ಬಟ್ಟೆ ಎತ್ತಿದಳು.

ಗರಗಸ ನಿಂತಿತು. ಇಂಜಿನಿಯರ್ ಓಡೋಡಿ ಬಂದಳು.

"ಅಕ್ಕಾ, ಇನ್ನೆರಡು ದಿನ ಕೊಯ್ಯಲು ಬಿಟ್ಟರೆ ಮುಗಿದೇ ಹೋಗುತ್ತೆ. ಈಗ ನಿಲ್ಲಿಸಿದ್ರೆ ಗಡುವು ತಪ್ಪುತ್ತೆ, ಮೀನಿನ ಮರಿಗಳು ಹೋಗೋವರೆಗೆ ಮೂರು ತಿಂಗಳು ಕಾಯಬೇಕು. ಕದಡಿರೋದು ಸ್ವಲ್ಪ ತಾನೇ?"

ಮೂರು ತಿಂಗಳು ಎಂದರೆ ಗಂಡನಿಗೆ ಇನ್ನೆಷ್ಟು ಬೈಗುಳ ಎಂಬುದು ಅಕ್ಕನ ಮನಸ್ಸಿಗೆ ಬಾರದೆ ಇರಲಿಲ್ಲ.

"ಸ್ವಲ್ಪಾನೋ ಜಾಸ್ತಿನೋ ನನಗೆ ಗೊತ್ತಿಲ್ಲಮ್ಮ. ಅಕ್ಷರ ಕಾಣ್ತಿಲ್ಲ, ಅಷ್ಟೇ."

ರಬ್ಬರ್ ಉಡುಪು ತೊಟ್ಟು ಅಕ್ಕನೇ ನೀರಿಗಿಳಿದಳು. ಪರದೆಯ ಅಂಚಿಗೆ ಬೆರಳಾಡಿಸುತ್ತ ಹೋದಳು. ಒಂದು ಕಡೆ ಗೇಣಗಲ ಬಾಯಿ ಬಿಟ್ಟಿತ್ತು. ಬಟ್ಟೆ ಹರಿದಿರಲಿಲ್ಲ, ಹೊಲಿಗೆ ಬಿಚ್ಚಿತ್ತು. ಕೊನೆಯ ದಿನ ಬಾಗಿಲಲ್ಲಿ ಲಾರಿ ಕಾಯುತ್ತಿದ್ದಾಗ ದಾರದ ಉಂಡೆ ಮುಗಿದು, ಆ ಒಂದು ಮಾರಿನಷ್ಟಕ್ಕೆ ಎರಡನೆಯ ಸಾಲು ಹಾಕದೆ ಬಿಟ್ಟಿದ್ದಳು.

ದಡದಲ್ಲಿದ್ದವರು ಆಗಲೇ ಕಲ್ಲು ತಾಗಿ ಹರಿದಿರಬೇಕೆಂದು ತೀರ್ಮಾನಿಸಿದ್ದರು. ಹೂಂ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಕಲ್ಲಲ್ಲ" ಎಂದಳು ಅಕ್ಕ. "ಎರಡು ಸಾಲು ಹಾಕೋ ಕಡೆ ಒಂದೇ ಹಾಕಿದ್ದೀನಿ. ತಪ್ಪು ನಂದೇ."

ಇಂಜಿನಿಯರ್ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು. ನೀರಲ್ಲೇ ನಿಂತು ಹೊಲಿಯುವುದಕ್ಕೆ ಒಂದು ದಿನ ಹಿಡಿಯಿತು, ಕೆಸರು ಕೂರಲು ಇನ್ನೊಂದು. ಗಡುವು ಮುಗಿಯಿತು, ಅರ್ಧ ಕೊಯ್ದ ಕಂಬ ಹೊಳೆಯಲ್ಲೇ ಉಳಿಯಿತು.

ಗಂಡನಿಗೆ ಬೇರೆಯವರಿಂದ ತಿಳಿಯುವುದು ಬೇಡವೆಂದು, ಅವನು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದಳು. ಅವನು ಬಾಗಿಲಲ್ಲೇ ನಿಂತು ಕೇಳಿದ.

"ಮೀನಿಗೇನಾದ್ರೂ ಆಯ್ತಾ?"

"ಇನ್ನೂ ಬಂದಿರಲಿಲ್ಲ."

"ಸರಿ ಬಿಡು" ಎಂದು ಒಳಗೆ ಬಂದ.

ಮರುದಿನ ಬಸ್ಸಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದಕ್ಕೆಲ್ಲ ಯಾರು ಹೊಣೆ ಎಂದು ದನಿಯೇರಿಸಿದರು. ನನ್ನ ಹೆಂಡತಿ, ಟಾರ್ಪಾಲಿನ್ ಅಂಗಡಿಯಲ್ಲಿ ಸಿಗುತ್ತಾಳೆ ಎಂದು ಚಾಲಕ ತಣ್ಣಗೆ ಉತ್ತರಿಸಿದ. ಮೇಷ್ಟ್ರು ನಿಜಕ್ಕೂ ಹೋದರು. ಅಕ್ಕ ಯಂತ್ರ ನಿಲ್ಲಿಸಿ ಪೂರ್ತಿ ಬೈಸಿಕೊಂಡಳು, ನಡೆದದ್ದನ್ನು ಹೇಳಿದಳು. ಮೇಷ್ಟ್ರು ಅಲ್ಲೇ ಕೂತು, ತಮ್ಮ ಚೀಲದ ಕಿತ್ತುಹೋದ ಹಿಡಿ ಹೊಲಿಸಿಕೊಂಡು ಹೋದರು.

ಮೀನುಗಳು ಬಂದವು, ಮೊಟ್ಟೆಯಿಟ್ಟವು, ಮರಿಗಳು ಕೆಳಗಿಳಿದು ಹೋದವು. ಆಮೇಲೆ ಕೊನೆಯ ಕಂಬವನ್ನು ಎರಡೇ ದಿನದಲ್ಲಿ ಕೊಯ್ದರು. ಹೊಸ ಕಂಬಗಳ ಕೆಲಸಕ್ಕೂ ಅದೇ ಪರದೆ ಇಳಿಬಿಟ್ಟರು. ಮುಂದಿನ ವರ್ಷ ಹೊಸ ಸೇತುವೆಯ ಮೇಲೆ ಮೊದಲ ಬಸ್ಸು ಹೋದಾಗ ಅದನ್ನು ಓಡಿಸಿದವನು ಬೇರೆ ಚಾಲಕ. ಅಕ್ಕನ ಗಂಡ ಅಂದು ರಜೆ ಹಾಕಿ, ಪ್ಯಾಂಟು ಮೊಣಕಾಲಿಗೇರಿಸಿ, ಕೆಲಸ ಮುಗಿದ ಪರದೆಯನ್ನು ಅಕ್ಕನ ಜೊತೆ ಇನ್ನೊಂದು ತುದಿ ಹಿಡಿದು ದಡಕ್ಕೆಳೆಯುತ್ತ, ಇದೇನು ಭಾರ ಮಾರಾಯ್ತಿ ಎಂದು ಗೊಣಗುತ್ತಿದ್ದ.