ಡೆನ್ಮಾರ್ಕಿನವರು ತೆಗೆಸಿದ ಏಳು ದೋಣಿಗಳು

ಇಂಡಿ ಪಟ್ಟಣದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯೇ ನನ್ನ ಆಫೀಸು. ಜನ ಜಾಗದ ದಾಖಲೆಯ ಉತಾರ ತರುತ್ತಾರೆ, ನಾನು ಮನೆಯ ನಕ್ಷೆ ಬರೆದು ಪುರಸಭೆಗೆ ಕೊಡುತ್ತೇನೆ. ವಿಜಯಪುರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದಾಗಿನಿಂದ ಇದೇ ಕೆಲಸ. ಮೆಟ್ಟಿಲು ಹತ್ತಿ ಬಂದವರು ಮೇಜಿನ ಹಿಂದೆ ಹೆಂಗಸು ಕೂತಿರುವುದನ್ನು ನೋಡಿ, "ಇಂಜಿನಿಯರ್ ಸಾಹೇಬ್ರು ಎಲ್ಲಿ ಹೋಗ್ಯಾರ್ರಿ?" ಎನ್ನುತ್ತಾರೆ. ಆ ಸಿಟ್ಟು ಸಣ್ಣದು, ನುಂಗಿ ನುಂಗಿ ರೂಢಿಯಾಗಿದೆ. ಈಗ ಬರೆಯಲು ಕೂತಿರುವ ಸಿಟ್ಟನ್ನು ನುಂಗಲು ಆಗಿಲ್ಲ.

ಒಂದು ದಿನ ಡೆನ್ಮಾರ್ಕಿನಿಂದ ಮೇಲ್ ಬಂತು. ಕಟ್ಟಡಗಳ ವಿನ್ಯಾಸ ಮಾಡುವ ಅಲ್ಲಿಯ ಒಂದು ಸಂಸ್ಥೆಯ ಮಾಲೀಕ ತಾನೇ ಬರೆದಿದ್ದ. ಸಿಂದಗಿ ತಾಲ್ಲೂಕಿನಲ್ಲಿ ಮೋರಟಗಿಯ ಕಡೆ ಒಂದು ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ವಾಚನಾಲಯ ಕಟ್ಟಿಸಲು ಒಂದು ದತ್ತಿ ಸಂಸ್ಥೆ ಅವರಿಗೆ ಕೆಲಸ ಒಪ್ಪಿಸಿತ್ತು. ನಮ್ಮ ಕಡೆಯ, ಮಣ್ಣಿನ ಚಪ್ಪಟೆ ಚಾವಣಿಯ ಮಾಳಿಗೆ ಮನೆಗಳ ಚಿತ್ರ ನೋಡಿ ಆತ ಮರುಳಾಗಿದ್ದ. ಅಂಥ ಹಳೆಯ ಮನೆಗಳನ್ನು ಅಳೆದುಕೊಡಬೇಕು, ಆಮೇಲೆ ಕಟ್ಟಡದ ಉಸ್ತುವಾರಿಯನ್ನೂ ನೋಡಿಕೊಳ್ಳಬೇಕು ಎಂದಿದ್ದ. ಯಾರೋ ಹುಡುಗಾಟ ಮಾಡುತ್ತಿದ್ದಾರೆ ಅಂದುಕೊಂಡು ಎರಡು ದಿನ ಉತ್ತರವನ್ನೇ ಬರೆಯಲಿಲ್ಲ.

ಮೂರನೆಯ ದಿನ ಒಪ್ಪಿಕೊಂಡೆ. ಆ ಬೇಸಗೆ ಜಿಲ್ಲೆಯ ನಾಲ್ಕು ತಾಲ್ಲೂಕು ತಿರುಗಿದೆ. ಬಸವನ ಬಾಗೇವಾಡಿಯಲ್ಲಿ ಒಂದು ಮನೆಯ ಗೋಡೆ ಎಷ್ಟು ದಪ್ಪವಿತ್ತೆಂದರೆ ಅದರೊಳಗಿನ ಗೂಡಿನಲ್ಲಿ ಒಂದು ಮಗು ಮಲಗಿ ನಿದ್ದೆ ಮಾಡುತ್ತಿತ್ತು. ಮುದ್ದೇಬಿಹಾಳದಲ್ಲಿ ಮಾಳಿಗೆ ಹತ್ತಿ ಟೇಪು ಹಿಡಿದಿದ್ದಾಗ ಕೆಳಗಿನಿಂದ ಮನೆಯ ಅಜ್ಜಿ ಕೂಗಿದಳು: "ಏ ಯವ್ವಾ, ಸರ್ಕಾರದಾಕಿ ಏನ ನೀ? ಮನಿ ಅಳದ ಏನ ಮಾಡಾಕಿ?" ಪರದೇಶದವರು ಇಂಥದೇ ಕಟ್ಟಬೇಕಂತಾರೆ ಎಂದೆ. "ಅವ್ರಿಗೆ ಸಿಮೆಂಟ್ ಸಿಗೂದಿಲ್ಲೇನ?" ಎಂದು ಆಕೆ ಗೋಡೆಗೆ ಕೈಯಾನಿಸಿ ನಕ್ಕಳು.

ಅಳೆಯುವುದು ನನಗೆ ಬರುತ್ತಿತ್ತು, ಆದರೆ ಕಟ್ಟುವವರು ಬೇಕಿತ್ತು. ತಾಂಬಾ ಎಂಬ ಊರಿನ ಒಬ್ಬ ಹಿರಿಯ ಗೌಂಡಿ ಸಿಕ್ಕರು. ಅವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಹರೆಯದಲ್ಲಿ ತಂದೆಯ ಜೊತೆ ಮಾಳಿಗೆ ಹಾಕಿದವರು, ಈಗ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಬದುಕುತ್ತಿದ್ದರು. ಮಣ್ಣಿನ ಮಾಳಿಗೆ ಬೇಕಂತೆ ಎಂದಾಗ ನಂಬಲಿಲ್ಲ. ನಂಬಿದ ಮೇಲೆ ಅವರ ಮಾತೇ ನಿಲ್ಲಲಿಲ್ಲ. ತೊಲೆ, ಜಂತಿ, ಅದರ ಮೇಲೆ ಚಿಲಿಕೆ ಎಂಬ ಸಣ್ಣ ಕಟ್ಟಿಗೆ, ಗೆದ್ದಲು ಬರದಂತೆ ಬೇವಿನ ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಹಳ್ಳದ ದಂಡೆಯ ಸವಳು ಮಣ್ಣು. ಉಪ್ಪುಪ್ಪಾದ ಆ ಮಣ್ಣು ಮೊದಲ ಮಳೆಗೆ ನೆನೆದು ಬಿಗಿದುಕೊಂಡರೆ ನೀರು ಕೆಳಗಿಳಿಯುವುದಿಲ್ಲ.

ಮಾಲೀಕ ಬಂದ. ಎತ್ತರದ, ಬಿಸಿಲಿಗೆ ಕೆಂಪಗಾದ ಮನುಷ್ಯ. ಕಾಕಾನ ಮನೆಯ ಮಾಳಿಗೆ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದ. ಫೋನಿನಲ್ಲಿ ತನ್ನ ಆಫೀಸಿನ ಚಿತ್ರ ತೋರಿಸಿದ: ಒಂದು ಉದ್ದನೆಯ ಮೇಜು, ಅದರ ಸುತ್ತ ಇಡೀ ಸಂಸ್ಥೆ ಊಟಕ್ಕೆ ಕೂತಿದೆ. "ನಾವು ಇಷ್ಟೇ ಜನ," ಎಂದ. ಕಾಕಾ ಹೇಳಿದ್ದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹೇಳಿದೆ, ಆತ ಚಿತ್ರ ಬರೆಯುತ್ತಾ ಹೋದ. ಮಾಳಿಗೆಯ ಅಂಚಿನಿಂದ ಹೊರಚಾಚಿ ನೀರನ್ನು ಗೋಡೆಯಿಂದಾಚೆ ಸುರಿಸುವ ಕಲ್ಲಿನ ದೋಣಿಗಳ ಹತ್ತಿರ ಬಹಳ ಹೊತ್ತು ನಿಂತ. ವಾಚನಾಲಯಕ್ಕೆ ಎಷ್ಟು ಬೇಕು ಎಂದು ಕೇಳಿದ.

"ಈ ಅಳತಿಗೆ ಏಳು," ಎಂದರು ಕಾಕಾ. "ನೀರಿಗೆ ಹೋಗಾಕ ದಾರಿ ಕೊಡಬೇಕು. ಕೊಡಲಿಲ್ಲಂದ್ರ ಅದಽ ಮಾಡ್ಕೋತೈತಿ."

ಆತ ಏಳು ದೋಣಿ ಬರೆದುಕೊಂಡ. ಆ ಮನುಷ್ಯ ಆಗ ಒಳ್ಳೆಯವನಿದ್ದ. ಇದನ್ನು ಒಪ್ಪದೆ ಬರೆದರೆ ನಾನೂ ಆ ಸಂಸ್ಥೆಯವರಂತೆ ಸುಳ್ಳಿ ಆಗುತ್ತೇನೆ.

ಗೋಡೆ ಅರ್ಧ ಏಳುವ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಸಂಸ್ಥೆ ಬೆಳೆಯತೊಡಗಿತ್ತು. ಯಾವುದೋ ದೇಶದಲ್ಲಿ ದೊಡ್ಡ ವಸ್ತುಸಂಗ್ರಹಾಲಯದ ಕೆಲಸ ಗೆದ್ದರು. ಬಂದರಿನ ಹತ್ತಿರದ ಹಳೆಯ ಗೋದಾಮಿಗೆ ಆಫೀಸು ಹೋಯಿತು. ಇನ್ನೆರಡು ದೇಶಗಳಲ್ಲಿ ಶಾಖೆ ತೆರೆದರು. ಇದೆಲ್ಲ ನನಗೆ ತಿಳಿಯುತ್ತಿದ್ದದ್ದು ಮೇಲ್‌ಗಳಿಂದ. ಮೊದಮೊದಲು ಮಾಲೀಕನೇ ಉತ್ತರ ಬರೆಯುತ್ತಿದ್ದ, ಪತ್ರದ ಕೊನೆಗೆ ಕಾಕಾನ ಆರೋಗ್ಯ ಕೇಳುತ್ತಿದ್ದ. ಆಮೇಲೆ ಆತನ ಸಹಾಯಕಿ ಬರೆದಳು. ಆಮೇಲೆ ಒಬ್ಬ ಮ್ಯಾನೇಜರ್, ನಮ್ಮ ಊರು ನಕಾಶೆಯಲ್ಲಿ ಎಲ್ಲಿದೆ ಎಂಬುದನ್ನೂ ನೋಡದವನು. ಕೆಳಗೆ ಹೆಸರಿಗಿಂತ ಉದ್ದನೆಯ ಹುದ್ದೆಗಳು. ನನ್ನ ಒಂದು ಪ್ರಶ್ನೆಗೆ ಉತ್ತರ ಬರಲು ಈಗ ಹತ್ತು ದಿನ ಬೇಕಾಗುತ್ತಿತ್ತು, ಮತ್ತು ಬಂದ ಉತ್ತರ ನನ್ನ ಪ್ರಶ್ನೆಗೆ ಇರುತ್ತಿರಲಿಲ್ಲ.

ಹೀಗಿರುವಾಗ ಹೊಸ ನಕ್ಷೆ ಬಂತು. ಅದರಲ್ಲಿ ಏಳೂ ದೋಣಿ ಇರಲಿಲ್ಲ. ಮುಂದಿನ ಗೋಡೆ ಏನೂ ಹೊರಚಾಚದೆ ನುಣ್ಣಗೆ, ಒಂದೇ ಗೆರೆಯಲ್ಲಿ ಕಾಣಬೇಕಂತೆ. ಮಾಳಿಗೆಯ ನೀರೆಲ್ಲ ಹಿಂದಿನ ಗೋಡೆಯೊಳಗೆ ಅಡಗಿಸಿದ ಒಂದೇ ಪೈಪಿನಲ್ಲಿ ಇಳಿಯಬೇಕು.

ಕಾಕಾ ನಕ್ಷೆಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. "ಇದು ಆಗೂದಿಲ್ಲ ತಂಗಿ. ಮಣ್ಣಿನ ಗ್ವಾಡಿ ಹೊಟ್ಟ್ಯಾಗ ಪೈಪ್ ಇಡ್ತಾರೇನ? ಹಿತ್ತಲದಾಗೇ ಬೇವಿನ ಗಿಡ ಐತಿ. ನಾಲ್ಕ ಎಲಿ ಕುಂತ್ವು ಅಂದ್ರ ಮುಗೀತು."

ಇದನ್ನೇ ನಾನು ಉದ್ದನೆಯ ಮೇಲ್ ಆಗಿ ಬರೆದೆ, ಕೈಯಲ್ಲಿ ಚಿತ್ರ ಬರೆದು ಜೋಡಿಸಿದೆ. ಒಂದು ಸಾಲಿನ ಉತ್ತರ ಬಂತು: ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ, ದಯವಿಟ್ಟು ನಕ್ಷೆಯಂತೆ ಮುಂದುವರಿಯಿರಿ. ಅದರ ಬೆನ್ನಿಗೆ ಇನ್ನೊಂದು ಮೇಲ್: ಸಂಸ್ಥೆ ಭಾರತದಲ್ಲಿ ಇನ್ನಷ್ಟು ಕೆಲಸ ಮಾಡಲಿದೆ, ನಿಮ್ಮನ್ನು ಇಲ್ಲಿಯ ಸಹಭಾಗಿಯಾಗಿ ಸೇರಿಸಿಕೊಳ್ಳುವ ಆಲೋಚನೆ ಇದೆ.

ಆ ಎರಡನೆಯ ಮೇಲ್ ಅನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಗೊಬ್ಬರದ ವಾಸನೆಯ ಕೋಣೆ, ಸಾಹೇಬರು ಎಲ್ಲಿ ಎಂದು ಕೇಳುವ ಜನ, ಇದೆಲ್ಲದರಿಂದ ಹೊರಗೆ ಒಂದು ಬಾಗಿಲು ಕಂಡಿತು. ಮರುದಿನ ಸೈಟಿಗೆ ಹೋಗಿ, "ಕಾಕಾ, ಅವರು ಹೇಳಿದಂಗ ಮಾಡಿಬಿಡ್ರಿ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ನೀ ಹೇಳಾಕತ್ತೀಯೇನ? ಅವ್ರು ಹೇಳಾಕತ್ತಾರೇನ?"

"ನಾನಽ ಹೇಳಾಕತ್ತೇನಿ."

ಮುದ್ದೇಬಿಹಾಳದ ಕಲ್ಲಿನಲ್ಲಿ ಕಡೆಸಿ ತಂದಿದ್ದ ಏಳು ದೋಣಿಗಳನ್ನು ಹಿತ್ತಲಲ್ಲಿ ಸಾಲಾಗಿ ಇಟ್ಟು, ಕಾಕಾ ಪೈಪು ಕೂರಿಸಿದರು.

ಕಟ್ಟಡ ಮುಗಿದದ್ದು ಚಳಿಗಾಲದಲ್ಲಿ. ಚಿತ್ರ ತೆಗೆಯಲು ಡೆನ್ಮಾರ್ಕಿನಿಂದಲೇ ಒಬ್ಬ ಬಂದ. ಬೆಳಗಿನ ಬಿಸಿಲಿನಲ್ಲಿ ಆ ಗೋಡೆ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಹಿತ್ತಲಲ್ಲಿ ಬಿದ್ದ ದೋಣಿಗಳು ಕಾಣದಂತೆ ಆತ ಕ್ಯಾಮೆರಾ ಸರಿಸಿದ. ಆ ಚಿತ್ರ ಪತ್ರಿಕೆಗಳಲ್ಲಿ ಬಂತು, ಅದಕ್ಕೆ ಪ್ರಶಸ್ತಿ ಬಂತು, ಸಂಸ್ಥೆಯ ವೆಬ್‌ಸೈಟಿನ ಮೊದಲ ಪುಟಕ್ಕೆ ಬಂತು. ಮಾಲೀಕ ಯಾವುದೋ ವೇದಿಕೆಯ ಮೇಲೆ ನಿಂತು, ಬೆನ್ನ ಹಿಂದೆ ನಮ್ಮ ಮಾಳಿಗೆಯನ್ನು ಮನೆಯಷ್ಟು ದೊಡ್ಡದಾಗಿ ತೋರಿಸುತ್ತಾ, ಮಣ್ಣಿನಿಂದ ತಾನು ಕಲಿತದ್ದೇನು ಎಂದು ಭಾಷಣ ಮಾಡುವ ವಿಡಿಯೊ ನೋಡಿದೆ. ಕಾಕಾನಿಂದ ಎಂದು ಒಂದು ಸಲವೂ ಅನ್ನಲಿಲ್ಲ. ಆ ಚಿತ್ರದ ಬಲದಿಂದ ಇನ್ನೂ ದೊಡ್ಡ ಕೆಲಸಗಳು ಬಂದವು. ಇನ್ನೊಂದು ಸಂಸ್ಥೆಯನ್ನೇ ಕೊಂಡುಕೊಂಡರು.

ಮಳೆ ಬಂತು. ಅಂಥ ಭಾರಿ ಮಳೆಯೇನಲ್ಲ, ಮೂರು ದಿನ ಬಿಡದೆ ಜಿಟಿಜಿಟಿ. ಬೇವಿನ ಎಲೆ ಪೈಪಿನ ಬಾಯಿಗೆ ಕೂತವು. ನೀರು ಮಾಳಿಗೆ ಮೇಲೆ ನಿಂತಿತು, ಆಮೇಲೆ ಹಿಂದಿನ ಗೋಡೆಯೊಳಗೆ ಇಳಿಯಿತು. ಫೋನು ಬಂದು ನಾನು ಹೋಗುವಷ್ಟರಲ್ಲಿ ಹುಡುಗಿಯರು ಪುಸ್ತಕಗಳನ್ನು ಲಂಗದಲ್ಲಿ, ದುಪಟ್ಟಾದಲ್ಲಿ ತುಂಬಿಕೊಂಡು ಶಾಲೆಯ ವರಾಂಡಕ್ಕೆ ಓಡುತ್ತಿದ್ದರು. ಸಂಜೆ ನಾಲ್ಕಕ್ಕೆ ಹಿಂದಿನ ಗೋಡೆಯ ಒಂದು ಭಾಗ ಕುಸಿದು ಕೂತಿತು. ಒಳಗೆ ಯಾರೂ ಇರಲಿಲ್ಲ. ಒಬ್ಬ ಹುಡುಗಿ ಒದ್ದೆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಾ, "ಮೇಡಂ, ಇದು ನಾ ಇನ್ನಾ ಅರ್ಧಾನ ಓದಿದ್ನಿರಿ," ಎಂದಳು.

ಆಮೇಲಿನ ವಾರ ಕಂಪ್ಯೂಟರಿನಲ್ಲಿ ಸಭೆ. ಪರದೆಯ ಮೇಲೆ ಐದು ಮುಖಗಳು, ಒಂದೂ ಗುರುತಿಲ್ಲ. ಮಾಲೀಕ ಇರಲಿಲ್ಲ. ಒಬ್ಬಳು ವರದಿ ಓದಿದಳು: ಹಾನಿಗೆ ಕಾರಣ ಸ್ಥಳೀಯ ಕೆಲಸಗಾರರ ಕಳಪೆ ಕೆಲಸ ಮತ್ತು ನಿರ್ವಹಣೆಯ ಕೊರತೆ. ಅದರ ಕೆಳಗೆ ಸ್ಥಳದ ಇಂಜಿನಿಯರ್ ಎಂದು ನನ್ನ ಸಹಿ ಬೇಕಿತ್ತು. ನನ್ನ ಹೆಸರನ್ನು ಅವರೇ ಟೈಪ್ ಮಾಡಿದ್ದರು, ಅದೂ ತಪ್ಪಾಗಿ.

"ದೋಣಿ ತೆಗೆಯಬೇಡಿ ಎಂದು ನಾನು ಬರೆದ ಮೇಲ್ ಎಲ್ಲಿ?" ಎಂದು ಕೇಳಿದೆ.

ಹೊಸ ಆಫೀಸಿಗೆ ಹೋದಾಗ ಹಳೆಯ ಪತ್ರವ್ಯವಹಾರ ಎಲ್ಲವೂ ಹೊಸ ವ್ಯವಸ್ಥೆಗೆ ಬಂದಿಲ್ಲ, ಎಂದಳು ಆಕೆ, ತುಂಬ ಸೌಜನ್ಯದಿಂದ. ಆ ಸೌಜನ್ಯಕ್ಕೆ ನನ್ನ ಕಿವಿ ಸುಟ್ಟಂತಾಯಿತು. ಕುರ್ಚಿ, ಕಾಫಿ ಮಷೀನು, ಬಹುಮಾನದ ಫಲಕ ಎಲ್ಲ ಹೊಸ ಆಫೀಸಿಗೆ ಬಂದವು. ಒಬ್ಬ ಗೌಂಡಿ ಹೇಳಿದ ಮಾತು ಮಾತ್ರ ಬರಲಿಲ್ಲ.

ಸಹಿ ಮಾಡದೆ ತಾಂಬಾಕ್ಕೆ ಹೋದೆ. ಕಾಕಾ ಒಂದು ಸ್ಲ್ಯಾಬಿಗೆ ಕಬ್ಬಿಣ ಕಟ್ಟುತ್ತಿದ್ದರು. ಎಲ್ಲ ಹೇಳಿದೆ.

"ನನ್ನ ಹೆಸರು ಬರದಾರೇನ?"

"ಇಲ್ಲ ಕಾಕಾ. ಸ್ಥಳೀಯ ಕೆಲಸಗಾರರು ಅಂತ ಅಷ್ಟಽ."

ಕೈಯಲ್ಲಿದ್ದ ಇಕ್ಕಳವನ್ನು ಕೆಳಗೆ ಎಸೆದರು. "ಬಯ್ಯಾಕರ ಹೆಸರು ಹಿಡೀಬೇಕಿಲ್ಲ? ನಮ್ಮಪ್ಪ ಕಟ್ಟಿದ ಮನಿ ಇನ್ನಾ ನಿಂತಾವು. ಒಂದು ಹನಿ ಸೋರಿಲ್ಲ." ನನ್ನ ಕಡೆ ತಿರುಗಿದರು. "ಅವರ ಮ್ಯಾಲ ಸಿಟ್ಟ ಮಾಡಿ ಏನ ಮಾಡ್ಲಿ? ಆ ಹೊಸಾ ನಕ್ಷೆ ಬರದವ್ರನ್ನ ನಾ ನೋಡೇ ಇಲ್ಲ. ದೋಣಿ ತಗಿ ಅಂದಾಕಿ ನೀನು."

ಆಫೀಸಿಗೆ ಬಂದು ನನ್ನದೇ ವರದಿ ಬರೆದೆ. ಹಳೆಯ ಮೇಲ್‌ಗಳು ನನ್ನ ಕಂಪ್ಯೂಟರಿನಲ್ಲಿ ಇದ್ದವು, ಎಲ್ಲವನ್ನೂ ಜೋಡಿಸಿದೆ. ಮೊದಲ ಸಾಲು ಹೀಗಿತ್ತು: ಗೌಂಡಿ ಬೇಡವೆಂದರು, ವಿನ್ಯಾಸಕಾರರು ಮಾಡಿ ಎಂದರು, ತಪ್ಪೆಂದು ಗೊತ್ತಿದ್ದೂ ನಾನು ಮಾಡಿಸಿದೆ. ದತ್ತಿ ಸಂಸ್ಥೆಗೂ ಮಾಲೀಕನ ಹಳೆಯ ವಿಳಾಸಕ್ಕೂ ಕಳಿಸಿದೆ. ಕಾಕಾನ ಪೂರ್ತಿ ಹೆಸರನ್ನು ಅದರಲ್ಲಿ ಮೂರು ಕಡೆ ಬರೆದೆ.

ಮಾಲೀಕನ ಉತ್ತರ ತಿಂಗಳಾದ ಮೇಲೆ ಬಂತು. ದಿನನಿತ್ಯದ ಕೆಲಸಗಳನ್ನು ತಾನು ಈಗ ನೋಡುವುದಿಲ್ಲ, ನಿಮ್ಮ ಪತ್ರವನ್ನು ಕಾನೂನು ವಿಭಾಗಕ್ಕೆ ಕಳಿಸಿದ್ದೇನೆ, ವಿಷಾದವಿದೆ. ಕಾಕಾನ ಮಾಳಿಗೆ ಮೇಲೆ ಕೂತು ಎರಡನೆಯ ಸಲ ಚಟ್ನಿ ಹಾಕಿಸಿಕೊಂಡವನು ಈಗ ಕಾನೂನು ವಿಭಾಗದ ಹಿಂದೆ ನಿಂತುಕೊಂಡ. ಸಹಭಾಗಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅವರ ವರದಿಯಲ್ಲಿನ ಕಳಪೆ ಕೆಲಸದ ಸಾಲನ್ನು ತೆಗೆದರೋ ಇಲ್ಲವೋ, ಎಷ್ಟು ಸಲ ಬರೆದು ಕೇಳಿದರೂ ಇವತ್ತಿನವರೆಗೆ ಹೇಳಿಲ್ಲ.

ದತ್ತಿ ಸಂಸ್ಥೆಯವರು ಬಂದು ಗೋಡೆ ನೋಡಿದರು, ನನ್ನ ಕಾಗದ ಓದಿದರು, ಕಾಕಾನನ್ನೇ ಕರೆಸಿ ರಿಪೇರಿ ಮಾಡಿಸಿ ಎಂದರು. ಕಾಕಾ ಎರಡು ಸಲ ಬರುವುದಿಲ್ಲ ಎಂದರು. ಮೂರನೆಯ ಸಲ ಊರಿನ ಹುಡುಗಿಯರು ಅವರ ಮನೆ ಬಾಗಿಲಿಗೆ ಹೋಗಿ ಕೂತಾಗ ಎದ್ದು ಬಂದರು. ಗೋಡೆ ಹೊಸದಾಗಿ ಎಬ್ಬಿಸಿ, ಏಳೂ ದೋಣಿಗಳನ್ನು ಕೂರಿಸಿ, ಮಾಳಿಗೆಗೆ ಸವಳು ಮಣ್ಣು ಹರವಿದರು. ಆಮೇಲೆ ಎರಡು ಮಳೆಗಾಲ ದಾಟಿವೆ, ಸೋರಿಲ್ಲ. ಕೆಲಸ ನಡೆದಷ್ಟು ದಿನವೂ ಕಾಕಾ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಕ್ಷಮಿಸಿ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದೆ. "ಆತು ಬಿಡ್ರಿ," ಎಂದು ಬುಟ್ಟಿ ಎತ್ತಿಕೊಂಡು ಹೋದರು.

ಕಳೆದ ತಿಂಗಳು ಗಂಡ ಹೆಂಡತಿ, ಇಬ್ಬರೂ ಮಾಸ್ತರರು, ಚಡಚಣದಿಂದ ಬಂದರು. ಮನೆ ಕಟ್ಟಿಸಬೇಕಿತ್ತು. ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಡೆನ್ಮಾರ್ಕಿನವರ ವೆಬ್‌ಸೈಟಿನ ಅದೇ ಚಿತ್ರ, ಚಳಿಗಾಲದ ಬಿಸಿಲು, ಒಂದೂ ದೋಣಿ ಇಲ್ಲದ ನುಣ್ಣನೆಯ ಗೋಡೆ. ನಮ್ಮದೇ ಜಿಲ್ಲೆಯದು ಎಂಬುದೂ ಅವರಿಗೆ ಗೊತ್ತಿರಲಿಲ್ಲ.

"ಹಿಂಗಽ ಬೇಕ್ರಿ ಮೇಡಂ," ಎಂದಳು ಆಕೆ. "ಎಷ್ಟ್ ಚಂದ ಐತಿ ನೋಡ್ರಿ."

ನಾನು ಕೂಗಿದೆ. ಏನು ಕೂಗಿದೆನೋ ಪೂರ್ತಿ ನೆನಪಿಲ್ಲ. ಆ ಗೋಡೆ ಬಿದ್ದೈತಿ, ಅದು ಸುಳ್ಳು ಚಿತ್ರ, ಇದನ್ನು ತೋರಿಸಿ ನನ್ನ ಬಾಗಿಲಿಗೆ ಬರಬ್ಯಾಡ್ರಿ ಎಂದೆಲ್ಲ ಅಂದೆ. ಅವರು ಬೆದರಿ ಎದ್ದು ನಿಂತರು. ಮೆಟ್ಟಿಲಿಳಿಯುವಾಗ ಗಂಡ ಹೆಂಡತಿಗೆ ಹೇಳುವುದು ಕೇಳಿಸಿತು: "ನಾವೇನ ಅಂದಿವಿ ಅಕಿಗೆ?"

ಏನೂ ಅಂದಿರಲಿಲ್ಲ. ಕಿಟಕಿಯಿಂದ ಕೂಗಿ ಕರೆಯೋಣ ಎಂದು ಎದ್ದೆ. ಅಷ್ಟರಲ್ಲಿ ಅವರ ಗಾಡಿ ಬಸ್ ಸ್ಟ್ಯಾಂಡಿನ ಕಡೆ ತಿರುಗಿತ್ತು.