ಮಾಮನ ಜೀಪಿಗೆ ಸೈಲೆನ್ಸರ್ ಹಾಕಿದ್ದು

ರಜೆ ಶುರುವಾಗುವ ದಿನ ಮಾಮನ ಜೀಪು ಕಾನ್ವೆಂಟಿನ ಗೇಟಿಗೆ ಬಂತೆಂದರೆ ಅಂದಿನ ಪಾಠ ಅಲ್ಲಿಗೇ ಮುಗಿದಂತೆ. ಆ ಸದ್ದು ಬಳ್ಳಾರಿ ಗುಡ್ಡದ ಬಂಡೆಗಳಿಗೆ ಬಡಿದು ಇನ್ನೊಂದು ಸಲ ನಮ್ಮ ಕ್ಲಾಸಿನೊಳಗೆ ಬರುತ್ತಿತ್ತು. ನಮ್ಮ ಐರಿಷ್ ಸಿಸ್ಟರ್ ಸೀಮೆಸುಣ್ಣ ಕೆಳಗಿಟ್ಟು, "ಚೈಲ್ಡ್, ಈಸ್ ದಟ್ ಯುವರ್ ಅಂಕಲ್ ಆರ್ ದ ಮಾನ್ಸೂನ್?" ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಮುಖ ಬಿಸಿಯಾಗಿರುತ್ತಿತ್ತು.

ಮಾಮ ನನ್ನ ತಾಯಿಯ ತಮ್ಮ. ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸುತ್ತ ಬರ್ಮಾದ ಕಡೆ ಹೋಗಿ ಬಂದವನು. ಯುದ್ಧ ಮುಗಿದ ಮೇಲೆ ಮದ್ರಾಸಿನಲ್ಲಿ ಮಿಲಿಟರಿ ಗಾಡಿಗಳನ್ನು ಡಿಸ್ಪೋಸಲ್ ಎಂದು ಮಾರುತ್ತಿದ್ದರಲ್ಲ, ಅಲ್ಲಿ ಈ ಅಮೆರಿಕನ್ ಜೀಪು ಕೊಂಡಿದ್ದ. ಸ್ಟೀರಿಂಗು ಎಡಗಡೆ. ನನ್ನ ಅಪ್ಪ ರೈಲ್ವೆಯಲ್ಲಿದ್ದು ಊರೂರು ಅಲೆಯುತ್ತಿದ್ದುದರಿಂದ ನಾನು ಬೋರ್ಡಿಂಗ್‌ನಲ್ಲಿದ್ದೆ. ರಜೆ ಬಂದರೆ ಕುರುಗೋಡಿನಲ್ಲಿದ್ದ ಅಜ್ಜಿಯ ಮನೆಗೆ ಮಾಮನೇ ಕರೆದೊಯ್ಯುತ್ತಿದ್ದ. ದಾರಿಯುದ್ದಕ್ಕೂ ನಾನು ಕಿರುಚಿ ಕಿರುಚಿ ಸ್ಕೂಲಿನ ಸುದ್ದಿಯೆಲ್ಲ ಹೇಳುತ್ತಿದ್ದೆ. ಮಾಮ ತಲೆಯಾಡಿಸುತ್ತಿದ್ದ, ನಗುತ್ತಿದ್ದ. ಪಕ್ಕದ ಮಂಚದ ಹುಡುಗಿಗೆ ಟೈಫಾಯಿಡ್ ಆಗಿ ಆಸ್ಪತ್ರೆಗೆ ಸೇರಿಸಿದರು ಎಂದಾಗಲೂ ನಕ್ಕ. ಜೀಪಿನ ಗದ್ದಲ, ಪಾಪ, ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷ ಆಗಿತ್ತು. ನನಗೆ ಹನ್ನೆರಡು ಇರಬೇಕು. ಮಾಮನಿಗೆ ಆಗ ಒಂದು ಕೆಲಸ ಕೈಗೆ ಬರುವುದರಲ್ಲಿತ್ತು. ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು ಜೀಪನ್ನೂ ಮಾಮನನ್ನೂ ಕಾಯಂ ಆಗಿ ಇಟ್ಟುಕೊಳ್ಳಲು ಒಪ್ಪಿದ್ದರು. ಆದರೆ ಮಾಮ ಮೊದಲ ಸಲ ಮಿಲ್ಲಿಗೆ ಹೋದಾಗ, ಭತ್ತದ ಗಾಡಿಗಳ ಸಾಲಿನಲ್ಲಿದ್ದ ಎತ್ತುಗಳು ಜೀಪಿನ ಸದ್ದಿಗೆ ಬೆದರಿ ನೊಗ ಕಿತ್ತುಕೊಂಡು ಓಡಿದವಂತೆ. ಒಂದು ಗಾಡಿ ಮಗುಚಿತಂತೆ. ಸಾಹುಕಾರರು, "ಸದ್ದು ಅಡಗಿಸಿಕೊಂಡು ಬಾರಪಾ. ಇಲ್ಲಾಂದ್ರ ನಾ ಬ್ಯಾರೆಯವರನ್ನ ನೋಡ್ಕೋತೀನಿ" ಎಂದು ಕಳಿಸಿದ್ದರು.

ಅದಕ್ಕೂ ಮೊದಲು ಬಳ್ಳಾರಿಯಲ್ಲಿ ಬಸ್ಸಿನ ಮಾಲೀಕರೊಬ್ಬರು ಮಾಮನನ್ನು ತಿಂಗಳು ತುಂಬುವುದರೊಳಗೆ ಕೆಲಸದಿಂದ ಬಿಡಿಸಿದ್ದರು. ಯಾಕೆಂದು ಅವನು ಮನೆಯಲ್ಲಿ ಹೇಳಲಿಲ್ಲ. "ಇದೂ ಹೋತಂದ್ರ ಜೀಪು ಮಾರತಾನ. ಜೀಪು ಮಾರಿದ್ರ ಆ ಹುಡುಗ ಮನ್ಯಾಗ ಸುಮ್ಮಕ ಕುಂತು ಕುಂತು ಮುಗದು ಹೊಕ್ಕಾನ" ಎಂದು ಅಜ್ಜಿ ನನ್ನ ತಲೆ ಬಾಚುತ್ತ ಹೇಳಿದಳು. ಬಾಚಣಿಗೆ ನಿಂತಿತ್ತು.

ಸೈಲೆನ್ಸರ್ ಮದ್ರಾಸಿನಿಂದ ರೈಲಿನಲ್ಲಿ ಬಂತು. ಅಷ್ಟು ಹೊತ್ತಿಗೆ ಹಳೆಯದು ತುಕ್ಕು ಹಿಡಿದು ಜರಡಿಯಾಗಿತ್ತು. ಮಾಮ ಸೀಮೆಎಣ್ಣೆ ಡಬ್ಬಿಯ ತಗಡು ಬಡಿದು ಅದಕ್ಕೆ ತಂತಿಯಿಂದ ಸುತ್ತಿದ್ದ. ಹೊಸದು ಕಪ್ಪು ಬಣ್ಣ ಹಚ್ಚಿಕೊಂಡು ಹುಲ್ಲಿನ ನಡುವೆ ಮರದ ಪೆಟ್ಟಿಗೆಯಲ್ಲಿ ಮಲಗಿತ್ತು. ಜೊತೆಗೆ ಒಂದು ಇನ್‌ಸ್ಟ್ರಕ್ಷನ್ ಶೀಟ್, ಪೂರ್ತಿ ಇಂಗ್ಲಿಷ್. ಮಾಮನಿಗೆ ಇಂಗ್ಲಿಷ್ ಮಾತು ಅಷ್ಟಿಷ್ಟು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಹಾಗಾಗಿ ಓದುವ ಕೆಲಸ ನನ್ನದಾಯಿತು. ನಾನು ರಿಸೈಟೇಷನ್‌ನಲ್ಲಿ ಪ್ರೈಜ್ ತೆಗೆದುಕೊಂಡವಳು. ಬಹಳ ಜಂಬದಿಂದ ಒಪ್ಪಿಕೊಂಡೆ.

ಜೋಡಿಸಲು ಬಳ್ಳಾರಿಯ ಅರಳೆ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಒಬ್ಬ ಮುದುಕ ಮೇಸ್ತ್ರಿ ಬಂದ. ಜೀಪಿನ ಕೆಳಗೆ ನಿಂತು ಕೆಲಸ ಮಾಡಲು ಗುಂಡಿ ಬೇಕು ಎಂದ. ನಮ್ಮ ಅಂಗಳದಲ್ಲಿ ಹಿಂದೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವು ಇತ್ತು. ಬಳಕೆ ತಪ್ಪಿ ಅರ್ಧಕ್ಕಿಂತ ಹೆಚ್ಚು ಮಣ್ಣು ತುಂಬಿತ್ತು. ಅದರ ಬಾಯಿಯ ಚಪ್ಪಡಿ ತೆಗೆದು, ಒಳಗೆ ದೀಪ ಇಳಿಸಿ ಗಾಳಿ ಕೆಟ್ಟಿಲ್ಲವೆಂದು ನೋಡಿ, ಜೀಪನ್ನು ಅದರ ಮೇಲೆ ಬರುವಂತೆ ನಿಲ್ಲಿಸಿದರು. ಮೇಸ್ತ್ರಿ ಎದೆಯ ಮಟ್ಟಕ್ಕೆ ಒಳಗಿಳಿದ. ಅವನ ಗಡ್ಡ ಮತ್ತು ಎರಡು ಕೈ ಮಾತ್ರ ಜೀಪಿನ ಕೆಳಗೆ ಕಾಣುತ್ತಿದ್ದವು.

"ನಮ್ಮ ಮಾವನವರ ಕಾಲದಾಗ ಇದರ ತುಂಬ ಬಿಳಿಜ್ವಾಳ ಇರತಿತ್ತು" ಎಂದಳು ಅಜ್ಜಿ ಕಟ್ಟೆಯ ಮೇಲಿನಿಂದ. "ಈಗ ಮೇಸ್ತ್ರಿ ಅದಾನ."

"ನಾನೂ ಹಳೇ ಜ್ವಾಳಾನ ಅಮ್ಮಾ, ಹುಳ ಹತ್ತಿಲ್ಲ ನೋಡ್ರಿ" ಎಂದ ಮೇಸ್ತ್ರಿ ಕೆಳಗಿನಿಂದ. "ಓದು ಬೇಟಿ."

ನಾನು ನೆಲದ ಮೇಲೆ ಬೋರಲು ಮಲಗಿ ಓದತೊಡಗಿದೆ. ಪ್ರತಿಯೊಂದು ಪದವನ್ನೂ ಸರಿಯಾಗಿ ಉಚ್ಚರಿಸಿದೆ, ಒಂದೂ ಅರ್ಥವಾಗಲಿಲ್ಲ. ಫ್ಲ್ಯಾಂಜ್ ಅಂತೆ, ಹ್ಯಾಂಗರ್ ಅಂತೆ. ಹ್ಯಾಂಗರ್ ಎಂದರೆ ಸಿಸ್ಟರ್‌ಗಳ ಬೀರುವಿನಲ್ಲಿ ಬಟ್ಟೆ ತೂಗುಹಾಕುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು. ಕಾಗದದಲ್ಲಿ ಬಲಗಡೆ ಎಂದಿತ್ತು. "ಬಲಗಡೆ" ಎಂದು ಕೂಗಿದೆ.

"ಯಾರ ಬಲ? ನಿಂದಾ, ನಂದಾ, ಗಾಡೀದಾ?" ಎಂದು ಮೇಸ್ತ್ರಿ ಕೇಳಿದ. ಅವನು ಹಿಂದಕ್ಕೆ ಮುಖ ಮಾಡಿ ನಿಂತಿದ್ದ, ನಾನು ಮುಂದಕ್ಕೆ ಮುಖ ಮಾಡಿ ಮಲಗಿದ್ದೆ. ಕಾಗದವನ್ನು ತಿರುಗಿಸಿ ನೋಡಿದೆ, ನಾನೇ ತಿರುಗಿ ಮಲಗಿ ನೋಡಿದೆ. ಚಿತ್ರ ಮೇಲಿನಿಂದ ಬರೆದದ್ದೋ ಕೆಳಗಿನಿಂದ ಬರೆದದ್ದೋ ಇವತ್ತಿಗೂ ಹೇಳಲಾರೆ. ಐ ವಾಸ್ ಹೋಪ್‌ಲೆಸ್ಲಿ ಕನ್‌ಫ್ಯೂಸ್ಡ್.

ಆದರೂ ಕೆಲಸ ಸಾಗಿತು. ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಉಣಿಸಿ, ಬಾರದೇ ಇದ್ದುದನ್ನು ಉಳಿಯಿಂದ ಕತ್ತರಿಸಿ ಹಳೆಯದನ್ನು ಕೆಡವಿದರು. ಹೊಸದರ ಮೈಮೇಲೆ ಹೊಗೆ ಯಾವ ಕಡೆ ಹೋಗಬೇಕೆಂದು ಒಂದು ಬಾಣದ ಗುರುತು ಇತ್ತು. ಅದರಂತೆ ಹಿಡಿದು ಎಂಜಿನ್ನಿನ ಪೈಪಿಗೆ ಕೂಡಿಸಿದರು. "ಎಲ್ಲಾ ಕೂಡಿಸೋತನಕ ಯಾವ ಬೋಲ್ಟೂ ಪೂರ್ತಿ ಬಿಗಿ ಮಾಡಬಾರದಂತ" ಎಂದು ನಾನು ಓದಿ ಹೇಳಿದಾಗ, "ಇದನ್ನ ಹೇಳಾಕ ಮದ್ರಾಸಿನಾಂವ ಬೇಕಾಗಿತ್ತೇನು?" ಎಂದು ಮೇಸ್ತ್ರಿ ಬೋಲ್ಟಿನ ಪಾನಾ ತಿರುವಿದ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಿಗಿಯಾಯಿತು. ಜೀಪನ್ನು ಪಕ್ಕಕ್ಕೆ ತಳ್ಳಿದರು. ಮಾಮ ಹತ್ತಿ ಕುಳಿತು ಸ್ಟಾರ್ಟರ್ ತುಳಿದ.

ಎಂಥ ಸದ್ದು ಅಂತೀರಿ! ಸದ್ದೇ ಇಲ್ಲ. ಮಲಗಿದ ಬೆಕ್ಕು ಗುರುಗುಟ್ಟುವಷ್ಟು. ಕೋಳಿಗಳು ಕಾಳು ಹೆಕ್ಕುವುದನ್ನು ನಿಲ್ಲಿಸಲಿಲ್ಲ. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಮಾಮ ಹುಬ್ಬು ಗಂಟಿಕ್ಕಿ ಮತ್ತೆ ಸ್ಟಾರ್ಟರ್ ತುಳಿದ. ಓಡುತ್ತಿದ್ದ ಎಂಜಿನ್ನಿಗೆ ಸ್ಟಾರ್ಟರಿನ ಹಲ್ಲು ಸಿಕ್ಕಿ 'ಕರ್‌ರ್‌ರ್' ಎಂದು ಮೈ ಜುಮ್ಮೆನ್ನುವಂತೆ ಕಿರುಗುಟ್ಟಿತು.

"ಚಾಲೂ ಐತಿ, ಚಾಲೂ ಐತಿ!" ಎಂದು ಮೇಸ್ತ್ರಿ ಕೈ ಎತ್ತಿ ಓಡಿದ. ಮಾಮ ನಮ್ಮ ಮುಖ ನೋಡಿದ, ಕಾಲು ತೆಗೆದ, ನಕ್ಕು ಎಂಜಿನ್ನು ಆರಿಸಿದ. ಮತ್ತೊಮ್ಮೆ ಚಾಲೂ ಮಾಡಿಸಿದರು. ಮತ್ತೆ ಅದೇ 'ಕರ್‌ರ್‌ರ್'.

ಇಷ್ಟು ವರ್ಷ ಗಾಡಿ ಓಡಿಸಿದವನು ಸುಮ್ಮನೆ ಹಾಗೆ ತುಳಿಯಲಾರ, ದೋಷ ಹೊಸ ಸೈಲೆನ್ಸರಿನದೇ ಎಂದುಕೊಂಡು ಮೇಸ್ತ್ರಿ ನನ್ನ ಕಡೆ ತಿರುಗಿದ. "ಬೇಟಿ, ಬಾಣ ಯಾವ ಕಡೆ ಅಂತ ಬರದಾರ? ಖರೇ ಹೇಳು."

ಸೈಲೆನ್ಸರ್ ಬಿಚ್ಚಿ, ಹಿಂದುಮುಂದು ಮಾಡಿ ಹಾಕಿದರು. ಮತ್ತೆ ಅದೇ. ಕಾಗದವನ್ನು ಮೂರು ಸಲ ಓದಿದೆ. "ಅಷ್ಟು ದೊಡ್ಡ ಸಾಲೀಗೆ ಕಳಿಸಿ ಓದಿಸಿದ್ದು, ಸರಿಯಾಗಿ ಓದಿದಿ ಇಲ್ಲೋ ಯವ್ವಾ?" ಎಂದಳು ಅಜ್ಜಿ. ಸಿಟ್ಟಿನಿಂದಲ್ಲ, ಆದರೂ ನನಗೆ ಅಳು ಬಂತು. ಮಾಮನ ಕೆಲಸ ನನ್ನ ಇಂಗ್ಲಿಷ್‌ನಿಂದಲೇ ಹೋಗುತ್ತದೆ ಎಂದು ಖಾತ್ರಿಯಾಗಿತ್ತು.

ಮೇಸ್ತ್ರಿ ನಮಾಜಿಗೆ ಹೋದ. ಅಂಗಳ ಖಾಲಿಯಾಯಿತು. ಮಾಮ ಜೀಪನ್ನು ಚಾಲೂ ಇಟ್ಟು, ಬಾನೆಟ್ಟಿನ ಮೇಲೆ ಅಂಗೈ ಊರಿ, ನನಗೆ ಬೆನ್ನು ಮಾಡಿ ನಿಂತಿದ್ದ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರಂತೆ.

"ಮಾಮಾ, ನಾ ತಪ್ಪು ಓದಿದ್ನೇನು?" ಎಂದೆ.

ಅವನು ತಿರುಗಲಿಲ್ಲ. ಸಿಟ್ಟಾಗಿದ್ದಾನೆ ಎಂದುಕೊಂಡು ಹತ್ತಿರ ಹೋಗಿ ಗಟ್ಟಿಯಾಗಿ ಕೇಳಿದೆ. ತಿರುಗಲಿಲ್ಲ. ಆಗ ಒಳಗಿನಿಂದ ಅಜ್ಜಿ ಬಂದು, ನನ್ನನ್ನು ದಾಟಿ, ಜೀಪು ಸುತ್ತುಹಾಕಿ ಅವನ ಎದುರಿಗೆ ನಿಂತು, "ಉಣ್ಣಾಕ ಬಾ" ಎಂದಳು. ತಕ್ಷಣ ಬಂದ.

ಊಟಕ್ಕೆ ಕುಳಿತಾಗ ಒಂದೊಂದಾಗಿ ನೆನಪಾಗತೊಡಗಿತು. ಟೈಫಾಯಿಡ್ ಸುದ್ದಿಗೆ ನಕ್ಕ ಮಾಮ, ಅವನು ಮನೆಯಲ್ಲಿ ಹೇಳದ ಕಾರಣಕ್ಕೆ ಕೆಲಸದಿಂದ ಬಿಡಿಸಿದ ಬಸ್ಸಿನ ಮಾಲೀಕರು, ಮನೆಯಲ್ಲಿದ್ದಾಗಲೂ ಸದಾ ಆ ಗದ್ದಲದ ಜೀಪಿನ ಪಕ್ಕದಲ್ಲೇ ಇರುತ್ತಿದ್ದ ಅವನು. ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಅವನಿಗೆ ಕೇಳಿಸುವುದಿಲ್ಲ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಒಡಕು ಸೈಲೆನ್ಸರಿನ ಗುಡುಗಷ್ಟೇ ಅವನ ಕಿವಿಗೆ ಮುಟ್ಟುತ್ತಿತ್ತು. ನಾವು ಅದನ್ನೂ ತೆಗೆದು ಹಾಕಿದ್ದೆವು.

ಗೊತ್ತಾದ ಮೇಲೆ ನನ್ನ ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಹೇಳಿದರೆ ಕಿವುಡ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೇಳದಿದ್ದರೆ, ಸತ್ಯ ಮುಚ್ಚಿಡುವುದೂ ಸುಳ್ಳೇ ಎಂದು ಮಾರಲ್ ಸೈನ್ಸ್ ಪಿರಿಯಡ್‌ನಲ್ಲಿ ಸಿಸ್ಟರ್ ಹೇಳಿದ್ದರಲ್ಲ? ಒಂದು ಮೊಳೆ ತೆಗೆದುಕೊಂಡು ಹೊಸ ಸೈಲೆನ್ಸರಿಗೆ ನಾನೇ ತೂತು ಹೊಡೆದರೆ ಹೇಗೆ ಎಂದೂ ಯೋಚಿಸಿದೆ. ಆಗ ಎತ್ತುಗಳು ಬೆದರುತ್ತವೆ.

ಮೇಸ್ತ್ರಿ ಬಂದ ಮೇಲೆ, "ಮೊದಲು ಹಾಕಿದ್ದೇ ಸರಿ. ನಾನು ಸರಿಯಾಗೇ ಓದಿದ್ದೆ" ಎಂದಷ್ಟೇ ಹೇಳಿದೆ. ಅವನು ಗೊಣಗುತ್ತ ಬಾಣದ ಪ್ರಕಾರ ಮತ್ತೆ ಜೋಡಿಸಿದ. ನಾನು ಮಾಮನ ಎದುರಿಗೆ ಹೋಗಿ ನಿಂತು, ತುಟಿಗಳನ್ನು ನಿಧಾನವಾಗಿ ಆಡಿಸಿ, "ಗಾಡಿ ಚಲೋ ಐತಿ ಮಾಮಾ" ಎಂದೆ. ಅವನು ಸುತ್ತ ನೋಡಿ, ನನ್ನತ್ತ ಬಗ್ಗಿ ಕೇಳಿದ.

"ಯಾರಿಗರೆ ಹೇಳಿದೇನು?"

ಇಲ್ಲ ಎಂದು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಸಿರುಗುಪ್ಪಕ್ಕೆ ಹೊರಟೆವು. ನಾನೂ ಬರುತ್ತೇನೆಂದು ಹಠ ಮಾಡಿದ್ದೆ. ಅಜ್ಜಿ ಪೂಜೆ ಮಾಡಿ, ದಾರದಲ್ಲಿ ಪೋಣಿಸಿದ ನಿಂಬೆಹಣ್ಣು, ಹಸಿಮೆಣಸಿನಕಾಯಿ ತಂದಳು. ಎಲ್ಲರೂ ಅದನ್ನು ಗಾಡಿಯ ಮುಂದೆ, ಬಂಪರಿಗೆ ಕಟ್ಟುತ್ತಾರೆ. ಅಜ್ಜಿ ಒಳಗೆ ಬಗ್ಗಿ ಗಾಜಿನ ಚೌಕಟ್ಟಿಗೆ, ಸರಿಯಾಗಿ ಸ್ಟೀರಿಂಗಿನ ಮೇಲೆ, ಮಾಮನ ಕಣ್ಣಿಗೆ ಅಡ್ಡವಾಗುವ ಹಾಗೆ ಕಟ್ಟಿದಳು.

"ಅಮ್ಮಾ, ಅದು ಹೊರಗ ಕಟ್ಟೋದರೀ" ಎಂದ ಕೂಲಿ ತೆಗೆದುಕೊಳ್ಳಲು ಬಂದಿದ್ದ ಮೇಸ್ತ್ರಿ.

"ನಿನ್ನ ಪೈಪು ನೀ ನೋಡ್ಕೋ, ನನ್ನ ನಿಂಬಿಹಣ್ಣು ನಾ ನೋಡ್ಕೋತೀನಿ" ಎಂದಳು ಅಜ್ಜಿ.

ಮಾಮ ಸ್ಟಾರ್ಟರ್ ತುಳಿದ. ಎಂಜಿನ್ನು ಸದ್ದಿಲ್ಲದೆ ಹತ್ತಿಕೊಂಡಿತು. ದಾರದ ತುದಿಯಲ್ಲಿ ನಿಂಬೆಹಣ್ಣು ಸಣ್ಣಗೆ ನಡುಗಿತು. ಮಾಮನ ಕಾಲು ಮತ್ತೆ ಸ್ಟಾರ್ಟರಿನ ಕಡೆ ಹೋಗಿ, ಅಲ್ಲೇ ನಿಂತು, ಹಿಂದೆ ಬಂತು.

ದೇಶನೂರಿನ ಕಾಲುವೆಯ ಪಕ್ಕದ ಗದ್ದೆಗಳನ್ನು ದಾಟಿ ಸಿರುಗುಪ್ಪ ಸೇರಿದೆವು. ಮಿಲ್ಲಿನ ಮುಂದೆ ಎಂದಿನಂತೆ ಭತ್ತದ ಗಾಡಿಗಳ ಸಾಲು. ಜೀಪು ಅವುಗಳ ಪಕ್ಕದಲ್ಲೇ ಹೋಗಿ ನಿಂತಿತು. ಒಂದು ಎತ್ತು ಕಿವಿ ಅಲ್ಲಾಡಿಸಿತು, ಅಷ್ಟೆ. ಸಾಹುಕಾರರು ಹೊರಗೆ ಬಂದರು. ಒಳಗೆ ಮಿಲ್ಲಿನ ಎಂಜಿನ್ನು ಧಡಧಡ ಎನ್ನುತ್ತಿದ್ದುದರಿಂದ ಅವರಿಗೂ ಜೀಪಿನ ಸದ್ದು ಕೇಳಲಿಲ್ಲ.

ಮಾಮನ ಎದುರಿಗೆ ಬಂದು, "ಯಾಕಪಾ, ಬಂದ್ ಮಾಡಿದಿ? ಚಾಲೂ ಮಾಡು, ನೋಡೂಣು ಸದ್ದು ಎಷ್ಟೈತಿ" ಎಂದರು.

ಮಾಮ ಅವರ ತುಟಿಗಳನ್ನೇ ನೋಡುತ್ತಿದ್ದ. ಬಂದ್ ಆಯಿತೇನೋ ಎಂಬ ಅನುಮಾನ ಅವನ ಮುಖದ ಮೇಲೆ ಬಂದದ್ದು ನನಗೆ ಕಂಡಿತು. ಬಲಗಾಲು ಎದ್ದಿತು. ಈಗ 'ಕರ್‌ರ್' ಎಂದರೆ ಎಲ್ಲ ಮುಗಿಯಿತು. ಕೂಗಿದ್ದರೂ ಅವನಿಗೆ ಕೇಳಿಸುತ್ತಿತ್ತೇ?

ಮಾಮ ಕಣ್ಣೆತ್ತಿ ನಿಂಬೆಹಣ್ಣು ನೋಡಿದ. ಅದು ನಡುಗುತ್ತಿತ್ತು.

"ಚಾಲೂನ ಐತ್ರೀ ಸಾಹುಕಾರ್ರ" ಎಂದ.

ಸಾಹುಕಾರರು ನಂಬದೆ ಬಾನೆಟ್ಟಿನ ಮೇಲೆ ಕೈಯಿಟ್ಟರು. ಆಮೇಲೆ ಜೋರಾಗಿ ನಕ್ಕು ಒಳಗೆ ಕರೆದರು.

ಮಾಮ ಆ ಮಿಲ್ಲಿನಲ್ಲೇ ಇದ್ದ, ನನ್ನ ಮದುವೆಯಾಗಿ ನಾನು ದೂರ ಹೋಗುವವರೆಗೂ. ಸಾಹುಕಾರರಿಗೆ ಯಾವಾಗಲಾದರೂ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅಜ್ಜಿಗೆ ಮೊದಲೇ ಗೊತ್ತಿತ್ತೇ? ಬೇಕೆಂದೇ ಅಲ್ಲಿ ಕಟ್ಟಿದಳೇ? ದೊಡ್ಡವಳಾದ ಮೇಲೆ ಒಂದು ಸಲ ನೇರವಾಗಿ ಕೇಳಿದೆ. "ಹೊರಗ ಕಟ್ಟಿದ್ರ ಧೂಳು ಕೂಡತೈತಿ" ಎಂದು ಹೇಳಿ ಅಕ್ಕಿ ಆರಿಸತೊಡಗಿದಳು. ಧೂಳಿಗಾಗಿ ಇದ್ದರೂ ಇರಬಹುದು. ನಾನೇ ಏನೇನೋ ಕಲ್ಪಿಸಿಕೊಂಡಿರಬಹುದು.

ಆದರೆ ರಜೆಯಲ್ಲಿ ನಾನು ಕಂಡದ್ದು ಇಷ್ಟು. ಮಾಮ ಮನೆಗೆ ಬಂದಾಗಲೆಲ್ಲ ಹೊರಡುವ ಮುಂಚೆ ಅಜ್ಜಿ ಹಳೆಯ ನಿಂಬೆಹಣ್ಣು ಬಿಚ್ಚಿ, ಬುಟ್ಟಿಯಲ್ಲಿ ಎಲ್ಲಕ್ಕಿಂತ ದಪ್ಪವಾದದ್ದನ್ನು ಆರಿಸಿ ಕಟ್ಟುತ್ತಿದ್ದಳು. ಮಾಮ ಸ್ಟಾರ್ಟರ್ ತುಳಿದಾಗ ಅವಳು ಮಗನನ್ನು ನೋಡುತ್ತಿರಲಿಲ್ಲ, ಹಣ್ಣನ್ನು ನೋಡುತ್ತಿದ್ದಳು. ಅದು ನಡುಗಿದ ಮೇಲೆ ಜೀಪು ಸುತ್ತುಹಾಕಿ ಅವನ ಎದುರಿಗೆ ಹೋಗಿ ನಿಂತು, "ಹೂಂ, ಇನ್ನ ಹೋಗು" ಎನ್ನುತ್ತಿದ್ದಳು.