ಕಾಶವ್ವ ಕಟ್ಟಿದ ದಾರ

ಕಾಶವ್ವನ ಕಾಲ ಮೇಲೆ ಮಲಗಿ ಎಣ್ಣೆನೀರು ಎರೆಸಿಕೊಂಡ ಕೂಸುಗಳು ಈ ಟೆಕ್ಸಸ್ಸಿನಲ್ಲಿ ಕಡಿಮೆಯೆಂದರೂ ಮೂವತ್ತು ಇದ್ದಾವು. ಪ್ಲೇನೋ ಇರಲಿ, ಆಸ್ಟಿನ್ ಇರಲಿ, ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಇರಲಿ, ಕನ್ನಡದವರ ಮನೆಯಲ್ಲಿ ಬಾಣಂತಿ ಇದ್ದಾಳೆಂದರೆ ಮೊದಲ ಫೋನು ಅವಳಿಗೇ. ಬಾತ್‌ಟಬ್ಬಿನೊಳಗೆ ಮಣೆ ಹಾಕಿಕೊಂಡು, ಸೀರೆ ಮೇಲಕ್ಕೆ ಸರಿಸಿ, ಎರಡು ಕಾಲು ಚಾಚಿ ಕುಳಿತಳೆಂದರೆ ಎಂಥ ಹಟಮಾರಿ ಕೂಸೂ ಸುಮ್ಮನಾಗಬೇಕು. ಹುಬ್ಬಳ್ಳಿಯಲ್ಲಿದ್ದಾಗ ಅವಳಿಗೆ ಬಾತ್‌ಟಬ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಈಗ ಯಾರ ಮನೆಯ ಟಬ್ಬು ಜಾರುತ್ತದೆ, ಯಾರದು ಜಾರುವುದಿಲ್ಲ ಎಂದು ಬಾಯಿಪಾಠ.

ಆದರೆ ಅವಳಿ ಕೂಸುಗಳೆಂದರೆ ಮಾತ್ರ ಅವಳು ಒಲ್ಲೆ ಎನ್ನುತ್ತಾಳೆ. ಹೋದ ವರ್ಷ ಹ್ಯೂಸ್ಟನ್ನಿನವರೊಬ್ಬರು ಎಷ್ಟು ಕೈಮುಗಿದರೂ ಮೊಣಕಾಲು ನೋವು ಎಂದು ಹೇಳಿಬಿಟ್ಟಳು. ಮೊಣಕಾಲಿಗೆ ಏನೂ ಆಗಿರಲಿಲ್ಲ, ಪಾಪ.

ಅದರ ಕಾರಣ ಹತ್ತೊಂಬತ್ತು ವರ್ಷದ ಹಿಂದಿನದು. ಆಗ ಮಗ ಶ್ರೀಶೈಲ್ ಪ್ಲೇನೋದ ಅಪಾರ್ಟ್‌ಮೆಂಟಿನಲ್ಲಿದ್ದ. ಸೊಸೆ ನಾಗಮಣಿ ಮೈಸೂರಿನವಳು, ಒಳ್ಳೆಯ ಹುಡುಗಿ, ಸಾರಿಗೆ ಬೆಲ್ಲ ಹಾಕುತ್ತಾಳೆ ಎನ್ನುವುದೊಂದು ಬಿಟ್ಟರೆ. ಅವಳಿಗೆ ಅವಳಿ ಹೆಣ್ಣು ಹುಟ್ಟಿದವು, ಹನ್ನೊಂದು ನಿಮಿಷದ ಅಂತರ. ಬಾಣಂತನಕ್ಕೆಂದು ಕಾಶವ್ವ ಮೊದಲ ಸಲ ವಿಮಾನ ಹತ್ತಿ ಬಂದಳು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದರು. ಹಿರಿಯ ಮಗುವಿಗೆ ಸಾನ್ವಿ, ಕಿರಿಯದಕ್ಕೆ ವೈಷ್ಣವಿ. ಹಿರಿಯ ಮೊಮ್ಮಗಳಿಗೆ ಮನೆತನದ ಹಿರಿಯರ ಹೆಸರು ಬರಬೇಕಲ್ಲವೇ, ಹಾಗಾಗಿ ಸಾನ್ವಿಯ ಕಿವಿಯಲ್ಲಿ ಕಾಶವ್ವ ತನ್ನ ತಾಯಿಯ ಹೆಸರನ್ನೂ ಹೇಳಿದಳು: ನಿಂಗವ್ವ. ಗುರುತಿಗೆಂದು ಸಾನ್ವಿಯ ಕಾಲಿಗೆ ಕರಿ ದಾರ, ವೈಷ್ಣವಿಯ ಕಾಲಿಗೆ ಕೆಂಪು ದಾರ.

ಮೂರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ. ನಾಗಮಣಿ ಡಾಕ್ಟರ ಬಳಿ ಹೋಗಿದ್ದಳು, ಶ್ರೀಶೈಲನೇ ಕರೆದುಕೊಂಡು ಹೋಗಿದ್ದ. ಒದ್ದೆ ದಾರ ಎಳೆ ಚರ್ಮಕ್ಕೆ ಉಜ್ಜುತ್ತದೆಂದು ಕಾಶವ್ವ ಎರಡೂ ಬಿಚ್ಚಿ ಪಕ್ಕಕ್ಕಿಟ್ಟಳು. ಎರೆದಳು, ಒರೆಸಿದಳು, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಮಲಗಿಸಿ ಊರಿನಲ್ಲಿ ಮಾಡುವ ಹಾಗೆ ಲೋಬಾನ ಹಾಕಿದಳು. ಆ ಹೊಗೆಗೆ ಚಾವಣಿಯ ಅಲಾರಂ ಕಿರುಚತೊಡಗಿತು. ಅಂಥ ಸದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಮನೆಯೇ ಹತ್ತಿಕೊಂಡಿತೆಂದು ಎರಡೂ ಕೂಸುಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಓಡಿದಳು. ಫೈರ್ ಎಂಜಿನ್ ಬಂತು. ಎತ್ತರದ ಒಬ್ಬ ಪುಣ್ಯಾತ್ಮ ಒಂದು ಕೂಸು ಎತ್ತಿಕೊಂಡ, ಪಕ್ಕದ ಮನೆಯ ಹೆಂಗಸು ಇನ್ನೊಂದು. ಅರ್ಧ ಗಂಟೆಯ ಮೇಲೆ ಎರಡೂ ಅವಳ ಮಡಿಲಿಗೆ ವಾಪಸ್ಸು ಬಂದಾಗ ಯಾವುದು ಎಡದ್ದು, ಯಾವುದು ಬಲದ್ದು?

ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಮಚ್ಚೆಯಿಲ್ಲ. ಕಡೆಗೆ ಜಾಸ್ತಿ ಅಳುತ್ತಿದ್ದ ಕೂಸಿಗೆ ಕರಿ ದಾರ ಕಟ್ಟಿದಳು. ಅವಳ ತಾಯಿ ನಿಂಗವ್ವ ಗಟ್ಟಿ ಗಂಟಲಿನ ಹೆಂಗಸು, ಅದೊಂದೇ ಆಧಾರ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಮೇಲೆ ಸಂಸಾರ ಹತ್ತಿರದ ಪ್ರಾಸ್ಪರ್ ಎಂಬ ಊರಿನ ಹೊಸ ಮನೆಗೆ ಬಂತು, ಹುಡುಗಿಯರು ಬೆಳೆದರು. ಕಾಶವ್ವ ಸಾನ್ವಿಯನ್ನು ನಿಂಗವ್ವ ಎಂದೇ ಕರೆದಳು. ತಾಯಿಯ ಬೆಂಡೋಲೆ ಸಾನ್ವಿಯ ಕಿವಿಗೆ ಹೋಯಿತು. ತಾಯಿಯ ಕಥೆಗಳನ್ನೆಲ್ಲ ಸಾನ್ವಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು. ವೈಷ್ಣವಿ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. ಆರು ವರ್ಷದವಳಿದ್ದಾಗ ಒಮ್ಮೆ, “ಅಜ್ಜಿ, ನನಗೂ ಒಂದು ಹಳೇ ಹೆಸರು ಕೊಡು,” ಎಂದಿದ್ದಳು. ಕಾಶವ್ವ ನಕ್ಕು ಕೈಗೊಂದು ಚಕ್ಕುಲಿ ಕೊಟ್ಟಿದ್ದಳು. ಆ ಚಕ್ಕುಲಿ ನೆನಪಾದರೆ ಈಗಲೂ ಅವಳು ತಟ್ಟೆ ಸರಿಸಿ ಏಳುತ್ತಾಳೆ.

ಈ ಮಾರ್ಚಿನಲ್ಲಿ ಹುಡುಗಿಯರು ರಜೆಗೆಂದು ಆಸ್ಟಿನ್ನಿನಿಂದ ಬಂದರು. ಜೊತೆಗೆ ಉಲ್ಲಾಸ್ ಎಂಬ ಸಹಪಾಠಿ, ಕ್ಯಾಮೆರಾ, ದೀಪ, ಡಬ್ಬಿಗಟ್ಟಲೆ ವೈರು. ಅವನು ಸಿನಿಮಾ ಓದುವ ಹುಡುಗ, ಬೆಂಗಳೂರಿನವರ ಮಗ. ಅವಳಿ ಅಕ್ಕತಂಗಿಯರ ಮೇಲೆ ಹೆದರಿಕೆಯ ಪಿಕ್ಚರು ತೆಗೆಯುತ್ತಿದ್ದ. ಅದರಲ್ಲಿ ತಂಗಿ ನಿಧಾನಕ್ಕೆ ಅಕ್ಕನ ಬಟ್ಟೆ ತೊಡುತ್ತಾಳೆ, ಅಕ್ಕನ ಹಾಗೆ ನಗುತ್ತಾಳೆ, ಒಂದು ದಿನ ಊಟದ ಮೇಜಿನಲ್ಲಿ ಅಕ್ಕನ ಕುರ್ಚಿಯಲ್ಲಿ ಕೂರುತ್ತಾಳೆ. ಹೆತ್ತ ತಾಯಿಗೂ ತಿಳಿಯುವುದಿಲ್ಲ. ನಿಜವಾದ ಅಕ್ಕ ಗಾಜಿನ ಬಾಗಿಲಾಚೆ ನಿಂತು ಬಡಿಯುತ್ತಾಳೆ.

ಉಲ್ಲಾಸ್ ಲ್ಯಾಪ್‌ಟಾಪಿನಲ್ಲಿ ಒಂದು ತುಣುಕು ತೋರಿಸಿದ. ಸೈಕಲ್ಲಿನಿಂದ ಬಿದ್ದು ಸಾನ್ವಿಯ ಗದ್ದಕ್ಕಾಗಿದ್ದ ಗಾಯದ ಗುರುತನ್ನು ಮೇಕಪ್ಪಿನಲ್ಲಿ ಮುಚ್ಚಿದ್ದರು, ಕಿವಿಯ ಬೆಂಡೋಲೆ ಬಿಚ್ಚಿಸಿದ್ದರು. ಒಂದೇ ಹಳದಿ ಕುರ್ತಾ, ಒಂದೇ ಬೈತಲೆ. ಕಾಶವ್ವ ಕಣ್ಣು ಕಿರಿದು ಮಾಡಿ ಹುಡುಕಿದಳು. ತನ್ನ ನಿಂಗವ್ವ ಯಾವಳೆಂದು ತಿಳಿಯಲಿಲ್ಲ. ಎದ್ದುಹೋಗಿ ಮಡಚಿಟ್ಟಿದ್ದ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚಿದಳು.

“ಅಜ್ಜಿ, ನೀವೇ ಅಜ್ಜಿ ಪಾರ್ಟ್ ಮಾಡ್ಬೇಕು. ಒಂದೇ ಡೈಲಾಗು,” ಎಂದ ಉಲ್ಲಾಸ್. “ಇಬ್ಬರೂ ನಿಮ್ಮ ಮುಂದೆ ನಿಂತಿರ್ತಾರೆ. ‘ಯಾರು ಯಾರಂತ ನನಗ ಗೊತ್ತೈತಿ’ ಅಂತ ಹೇಳಿ, ಅಷ್ಟೇ.”

“ಬ್ಯಾರೆ ಮಾತು ಇಲ್ಲೇನಪಾ?”

“ಅದೇ ಕ್ಲೈಮ್ಯಾಕ್ಸ್ ಅಜ್ಜಿ.”

ಮಧ್ಯಾಹ್ನ ಅಡುಗೆಮನೆಯಲ್ಲಿ ದೀಪ ಹಚ್ಚಿದರು. ನಾಗಮಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಶ್ರೀಶೈಲನಿಗೆ ವಾರಕ್ಕೆ ನಾಲ್ಕು ದಿನ ಹ್ಯೂಸ್ಟನ್ ಆಫೀಸು, ಮನೆಯಲ್ಲಿರಲಿಲ್ಲ. ಮೊದಲ ಸಲ ಕಾಶವ್ವನ ಬಾಯಿ ಕಟ್ಟಿತು. ಎರಡನೆಯ ಸಲ ಕೆಮ್ಮು. ಮೂರನೆಯ ಸಲ ಯಾರು ಎನ್ನುವಷ್ಟಕ್ಕೇ ನಿಂತಳು.

“ಸ್ವಲ್ಪ ಕಾನ್ಫಿಡೆಂಟಾಗಿ ಹೇಳಿ ಅಜ್ಜಿ.”

“ರೊಟ್ಟಿ ಬಡಿಯೂದು ಇದ್ರ ಹೇಳಪಾ, ಬೇಕಾದಷ್ಟು ಕಾನ್ಫಿಡೆಂಟಾಗಿ ಬಡೀತೀನಿ.”

ಹುಡುಗಿಯರು ಒಂದೇ ದನಿಯಲ್ಲಿ ನಕ್ಕರು. ಏಳನೆಯ ಸಲ ಕ್ಯಾಮೆರಾದ ಕೆಂಪು ದೀಪ ಹತ್ತಿದಾಗ ಅವಳು ಒಬ್ಬಳ ಮುಖ ನೋಡಿದಳು, ಇನ್ನೊಬ್ಬಳ ಮುಖ ನೋಡಿದಳು.

“ನನಗ ಗೊತ್ತಿಲ್ಲವಾ,” ಎಂದಳು. “ನಿಮ್ಮಿಬ್ಬರಾಗ ಯಾರು ಯಾರಂತ ನನಗ ಖರೇನ ಗೊತ್ತಿಲ್ಲ.”

ಉಲ್ಲಾಸ್ ಕಣ್ಣರಳಿಸಿ ನಿಲ್ಲಿಸಬೇಡಿ ಎಂದು ಕೈಸನ್ನೆ ಮಾಡಿದ, ನಟನೆ ಎಂದುಕೊಂಡು. ಕಾಶವ್ವ ದಾರದ ಮಾತು, ಲೋಬಾನದ ಮಾತು, ಅಲಾರಂ ಮಾತು, ಎಲ್ಲವನ್ನೂ ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಹೇಳಿ ಮುಗಿಸಿದಳು. ಮಧ್ಯದಲ್ಲೆಲ್ಲೋ ವೈಷ್ಣವಿ, “ಉಲ್ಲಾಸ್, ಆಫ್ ಮಾಡೋ,” ಎಂದಳು. ಅವನು ಆಫ್ ಮಾಡಿದ.

“ಹತ್ತೊಂಬತ್ತು ವರ್ಷ, ಅತ್ತೆ?” ಎಂದಳು ನಾಗಮಣಿ. ಅಷ್ಟೇ ಹೇಳಿ ಮಹಡಿ ಹತ್ತಿದಳು. ಬರುವಾಗ ಕೈಯಲ್ಲೊಂದು ಹಳೆಯ ಲಕೋಟೆ. ಹೆರಿಗೆಯಾದ ದಿನ ಆಸ್ಪತ್ರೆಯವರು ಮಸಿ ಹಚ್ಚಿ ತೆಗೆದ ಪಾದದ ಗುರುತು, ಎರಡು ಕಾರ್ಡು, ಮೊದಲು ಹುಟ್ಟಿದ್ದರ ಮೇಲೆ ಬೇಬಿ ಎ, ಇನ್ನೊಂದರ ಮೇಲೆ ಬೇಬಿ ಬಿ.

“ಇದರಿಂದ ಗೊತ್ತಾಗುತ್ತಾ?” ಎಂದು ಕೇಳಿದಳು.

“ಗೊತ್ತಿರೋರಿಗೆ ತೋರಿಸಿದ್ರೆ ಆಗಬಹುದು ಆಂಟಿ. ಟ್ವಿನ್ಸ್ ಆದ್ರೂ ಪ್ರಿಂಟ್ ಬೇರೆ ಬೇರೆ ಇರುತ್ತೆ,” ಎಂದ ಉಲ್ಲಾಸ್, ವೈರು ಸುತ್ತುತ್ತಾ.

ಕಾಶವ್ವನ ಜೀವ ಆ ಲಕೋಟೆಗೆ ಜೋತುಬಿತ್ತು. “ತೋರಸರೆವಾ,” ಎಂದಳು. “ನಾ ಸಾಯೂದ್ರೊಳಗ ಒಂದು ಸಲ ತಿಳೀಲಿ.”

ಸಾನ್ವಿ ಶೂಟಿಂಗಿಗೆಂದು ಬಿಚ್ಚಿದ್ದ ಬೆಂಡೋಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. “ಆಮೇಲೆ ನಾನು ಯಾರು ಅಜ್ಜಿ?” ಎಂದು ಕೇಳಿದಳು.

ವೈಷ್ಣವಿ ಮುಂದೆ ಬಂದು ಅಮ್ಮನ ಕೈಯಿಂದ ಲಕೋಟೆ ತೆಗೆದುಕೊಂಡಳು. “ನಿಂಗವ್ವ ನಾನೇ ಅಂತ ಬಂದ್ರೆ ಅಜ್ಜಿ ನಾಳೆಯಿಂದ ನನ್ನ ಹಿಂದೆ ಓಡಾಡ್ತಾರೆ, ಇವಳನ್ನ ಬಿಟ್ಟು. ನಾನಲ್ಲ ಅಂತ ಬಂದ್ರೆ ಅಜ್ಜಿ ಆರಾಮಾಗಿ ನಿದ್ದೆ ಮಾಡ್ತಾರೆ. ನನಗೆ ಎರಡೂ ಬೇಡ.”

“ವೈಷ್ಣವಿ, ಸಿಟ್ಟು ಮಾಡಬ್ಯಾಡವಾ.”

“ಸಿಟ್ಟಿಲ್ಲ ಅಜ್ಜಿ. ಇದು ನನ್ನ ಹತ್ರ ಇರುತ್ತೆ, ಅಷ್ಟೇ.”

ಆಮೇಲೆ ಮೂರು ದಿನ ಕಾಶವ್ವ ಕುಳಿತಲ್ಲಿ ಕೂರಲಿಲ್ಲ. ಒಲೆ ಆರಿಸಿದ್ದಳೋ ಇಲ್ಲವೋ ಎಂದು ಹತ್ತು ಸಲ ನೋಡುವಳು. ನಿಂಗವ್ವ ಎಂಬ ಹೆಸರು ನಾಲಿಗೆಯ ತುದಿಗೆ ಬಂದರೆ ನುಂಗಿ, ಇಬ್ಬರನ್ನೂ ಬರೀ “ಏನವಾ” ಎಂದು ಕರೆಯುವಳು. ಹಾಗೆ ಕರೆದಾಗಲೆಲ್ಲ ಸಾನ್ವಿಯ ಮುಖ ಸಣ್ಣದಾಗುವುದು ಅವಳಿಗೆ ಕಾಣುತ್ತಿತ್ತು. ವೈಷ್ಣವಿಯ ಬ್ಯಾಗಿನ ಪಕ್ಕದ ಜೇಬಿನಿಂದ ಲಕೋಟೆಯ ಮೂಲೆ ಇಣುಕುವುದೂ ಕಾಣುತ್ತಿತ್ತು. ಒಮ್ಮೆ ಬ್ಯಾಗಿಗೆ ಕೈ ಹಾಕಿ, ಹಾಕಿದಷ್ಟೇ ಬೇಗ ತೆಗೆದಳು.

ಭಾನುವಾರ ಹುಡುಗಿಯರು ಆಸ್ಟಿನ್ನಿಗೆ ಹೊರಟರು. ಉಲ್ಲಾಸ್ ಹಿಂದಿನ ದಿನವೇ ಹೋಗಿದ್ದ. ಸಾನ್ವಿ ಸ್ಟೀರಿಂಗ್ ಮುಂದೆ ಕುಳಿತು ಕಾರು ಸ್ಟಾರ್ಟ್ ಮಾಡಿದಳು. ಕಾಶವ್ವ ಚಟ್ನಿಪುಡಿಯ ಡಬ್ಬಿ ಕೊಡಲು ಬಾಗಿದಾಗ ವೈಷ್ಣವಿ ಈಚೆ ಕಡೆಯ ಕಿಟಕಿ ಇಳಿಸಿದಳು.

“ಅಜ್ಜಿ, ಒಂದ್ಸಲ ನನ್ನ ಆ ಹೆಸರಲ್ಲಿ ಕರೀರಿ.”

ಕಾಶವ್ವ ಸಾನ್ವಿಯ ಕಡೆ ನೋಡಿದಳು. ಅವಳು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು, ಕೇಳಿಸಿತೋ ಇಲ್ಲವೋ. ಇಷ್ಟು ವರ್ಷದ ರೂಢಿಯ ದನಿ, ಅದನ್ನು ಬೇರೆ ಮಾಡಿ ಕರೆಯಲು ಎಲ್ಲಿ ಬರುತ್ತದೆ? ಅದೇ ಮುದ್ದು, ಅದೇ ಎಳೆತ, ಅದೇ ಬಾಯಿಗೆ ಬಂತು.

“ನಿಂಗವ್ವಾ.”

“ಓ,” ಎಂದರು ಇಬ್ಬರೂ.

ಯಾರೂ ನಗಲಿಲ್ಲ. ಸಾನ್ವಿ ತಿರುಗಿ ತಂಗಿಯನ್ನು ನೋಡಿದಳು, ವೈಷ್ಣವಿ ಅಕ್ಕನನ್ನು ನೋಡಿದಳು, ಓ ಎಂದದ್ದನ್ನು ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ಕಾರು ಹಿಂದಕ್ಕೆ ಸರಿಯಿತು. ಕಾಶವ್ವ ಕಿಟಕಿ ಹಿಡಿದುಕೊಂಡು ಅದರ ಜೊತೆಗೇ ನಾಲ್ಕು ಹೆಜ್ಜೆ ನಡೆದಳು, ಆಮೇಲೆ ಕೈ ಬಿಡಬೇಕಾಯಿತು.